ಪ್ರಾಜೆಕ್ಟ್ ಮುಗಿದ ಮೇಲೆ ಏನು ಉಳಿಯುತ್ತೆ? ಬಡ ದೇಶಗಳ ಆರೋಗ್ಯ ಸಂಶೋಧನೆ ಬಗ್ಗೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಒಂದು ಜ್ವರ ಸಮೀಕ್ಷೆಯಲ್ಲಿ ಫೀಲ್ಡ್ ಕೋಆರ್ಡಿನೇಟರ್ ಕೆಲಸ ಸಿಗುವ ಹಾಗಿದೆ. ಹಣ ವಿದೇಶದ್ದು, ಅವಧಿ ಎರಡು ವರ್ಷ. ಪ್ರಸ್ತಾವನೆಯ ಮೊದಲ ಪುಟದಲ್ಲೇ 'ಸ್ಥಳೀಯ ಸಂಶೋಧನಾ ಸಾಮರ್ಥ್ಯ ಬೆಳೆಸುವುದು' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಒಳಗೆ ಹುಡುಕಿದರೆ ಸಾಮರ್ಥ್ಯ ಅಂದರೆ ಎರಡು ತರಬೇತಿ ಶಿಬಿರ, ಒಂದು ಡೀಪ್ ಫ್ರೀಜರ್, ಕೆಲವು ಟ್ಯಾಬ್ಲೆಟ್. ಅಷ್ಟೇ.

ದೂರ ಹೇಳೋಕೆ ಬಂದಿಲ್ಲ, ತಿಳ್ಕೊಳ್ಳೋಕೆ ಕೇಳ್ತಿದ್ದೇನೆ. ಹೊರಗಿನ ಹಣದಿಂದ ಶುರುವಾಗಿ ಆಮೇಲೆ ಗಟ್ಟಿಯಾಗಿ ನಿಂತ ಜಾಗ ನಮ್ಮಂಥ ದೇಶಗಳಲ್ಲಿ ಎಲ್ಲಾದರೂ ಇದೆಯಾ? ಇದ್ದರೆ ಅಲ್ಲಿ ಏನು ಬೇರೆ ಮಾಡಿದರು?

ಹಳೇ ಮೈಕ್ರೋಸ್ಕೋಪ್

ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ನಿವೃತ್ತನಾದವನು ತಂಗಿ. ನಿಂತದ್ದರ ಕಥೆ ಬೇರೆಯವರು ಹೇಳಲಿ, ಬಿದ್ದದ್ದರ ಕಥೆ ನನ್ನ ಹತ್ತಿರ ಇದೆ.

ನಾನಿದ್ದ ಕಡೆ ಒಂದು ಪ್ರಾಜೆಕ್ಟ್‌ನಿಂದ ಸೋಂಕು ಪತ್ತೆ ಮಾಡುವ ಪಿಸಿಆರ್ ಯಂತ್ರ ಬಂತು. ಟೇಪ್ ಕತ್ತರಿಸಿದರು, ಫೋಟೋ ತೆಗೆದರು. ಇಬ್ಬರು ಹುಡುಗಿಯರಿಗೆ ಒಳ್ಳೆ ತರಬೇತಿ ಕೊಟ್ಟರು. ಕೆಲಸ ಚೆನ್ನಾಗೇ ಕಲಿತರು. ಪ್ರಾಜೆಕ್ಟ್ ಮುಗಿದ ತಿಂಗಳೇ ಇಬ್ಬರ ಸಂಬಳವೂ ನಿಂತಿತು. ಒಬ್ಬಳು ಖಾಸಗಿ ಡಯಾಗ್ನೋಸ್ಟಿಕ್‌ಗೆ ಹೋದಳು, ಇನ್ನೊಬ್ಬಳು ಬ್ಯಾಂಕ್ ಪರೀಕ್ಷೆ ಬರೆದಳು. ಕಿಟ್‌ಗಳ ಎಕ್ಸ್‌ಪೈರಿ ಮುಗಿಯಿತು. ಎಎಂಸಿ (ವರ್ಷದ ನಿರ್ವಹಣಾ ಒಪ್ಪಂದ) ಕಟ್ಟೋಕೆ ಯಾವ ಲೆಕ್ಕಶೀರ್ಷಿಕೆಯಲ್ಲೂ ದುಡ್ಡಿರಲಿಲ್ಲ. ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಧೂಳು. ಪ್ರತಿ ವರ್ಷ ಆಡಿಟ್‌ನವರು ಬಂದು ಸ್ಟಾಕ್ ರಿಜಿಸ್ಟರ್ ನಂಬರ್ ತಾಳೆ ನೋಡಿ, ಯಂತ್ರ ಇದೆ ಅಂತ ಟಿಕ್ ಹಾಕಿ ಹೋಗ್ತಿದ್ದರು. ಓಡುತ್ತಾ ಅಂತ ಯಾರೂ ಕೇಳಲಿಲ್ಲ.

ಸುಮ್ನೆ ಕೇಳ್ದೆ

ಒಂದು ಮೂಲ ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಬಡ ದೇಶಕ್ಕೆ ಸ್ವಂತ ಸಂಶೋಧನೆ ಯಾಕೆ ಬೇಕು? ದುಡ್ಡಿದ್ದವರು ಕಂಡುಹಿಡಿಯಲಿ, ನಾವು ಔಷಧಿ ತಂದು ಹಂಚೋಣ. ಇರೋ ನಾಲ್ಕು ಕಾಸನ್ನ ನರ್ಸ್‌ಗಳಿಗೆ, ಆಕ್ಸಿಜನ್‌ಗೆ ಹಾಕಿದರೆ ಜಾಸ್ತಿ ಜೀವ ಉಳಿಯಲ್ವಾ? ದೇಹ ಎಲ್ಲ ಕಡೆ ಒಂದೇ ತಾನೇ.

ಕಿಲಿಫಿ ಕಡೆಯಿಂದ

ದೇಹ ಒಂದೇ ಸರ್, ಆಸ್ಪತ್ರೆ ಒಂದೇ ಅಲ್ಲ. ನಾನು ಅಂಕಿಅಂಶದವನು. ಮೂಲ ಮೈಸೂರು, ಕೆಲ ಕಾಲ ಕೀನ್ಯಾದಲ್ಲಿ ಕೆಲಸ ಮಾಡಿದ್ದೇನೆ. 'ಫೀಸ್ಟ್' ಅನ್ನುವ ಪ್ರಯೋಗದ ವಿಷಯ ಹೇಳ್ತೇನೆ, ಆಮೇಲೆ ನೀವೇ ಯೋಚಿಸಿ.

ಜೋರು ಜ್ವರ, ಕೈಕಾಲು ತಣ್ಣಗೆ, ನಾಡಿ ಸಣ್ಣಗೆ ಇರೋ ಸ್ಥಿತಿಯಲ್ಲಿ ಮಗು ಬಂದರೆ ರಕ್ತನಾಳಕ್ಕೆ ಬೇಗ ಬೇಗ ಸಲೈನ್ ಹತ್ತಿಸಬೇಕು ಅಂತ ಪಠ್ಯಪುಸ್ತಕದಲ್ಲಿತ್ತು. ಲಂಡನ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ಮಕ್ಕಳ ಐಸಿಯು ಇರುವ ಕಡೆ ಅದೇ ರೂಢಿ. ಆಫ್ರಿಕಾದ ಬಹಳ ಆಸ್ಪತ್ರೆಗಳಲ್ಲಿ ಐಸಿಯು ಇಲ್ಲ, ವೆಂಟಿಲೇಟರ್ ಇಲ್ಲ. ಹಾಗಾದರೆ ಇಲ್ಲೂ ಅದೇ ಸರಿಯಾ? ಯಾರೂ ಪರೀಕ್ಷೆ ಮಾಡಿರಲಿಲ್ಲ. ಇಷ್ಟು ಗೊತ್ತಿರೋ ವಿಷಯಕ್ಕೆ ಪರೀಕ್ಷೆ ಯಾಕೆ, ಸಲೈನ್ ಕೊಡದೇ ಇರೋದು ತಪ್ಪಲ್ವಾ ಅಂತ ವಾದಿಸಿದವರೂ ಇದ್ದರು.

ಕ್ಯಾಥ್ರಿನ್ ಮೈಟ್‌ಲ್ಯಾಂಡ್ ಮುಂದಾಳತ್ವದಲ್ಲಿ ಕೀನ್ಯಾ, ಉಗಾಂಡ, ಟಾಂಜಾನಿಯಾದ 6 ಆಸ್ಪತ್ರೆಗಳಲ್ಲಿ ಮಾಡಿದರು. ಒಟ್ಟು 3,141 ಮಕ್ಕಳು. ಫಲಿತಾಂಶ 2011ರಲ್ಲಿ ಬಂತು. ಬೇಗ ಸಲೈನ್ ಹತ್ತಿಸಿದ ಗುಂಪಿನಲ್ಲಿ 48 ಗಂಟೆಯೊಳಗೆ ತೀರಿಕೊಂಡವರು 10.5%. ಹಾಗೆ ಹತ್ತಿಸದ ಗುಂಪಿನಲ್ಲಿ 7.3%. ಅಂದರೆ ಪುಸ್ತಕದಲ್ಲಿದ್ದ ಹಾಗೆ ಚಿಕಿತ್ಸೆ ಕೊಟ್ಟಾಗ ಪ್ರತಿ 100 ಮಕ್ಕಳಲ್ಲಿ 3 ಮಕ್ಕಳು ಹೆಚ್ಚು ಸತ್ತವು. ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಡಬ್ಲ್ಯುಎಚ್‌ಒ ಮಾರ್ಗಸೂಚಿ ಬದಲಾಗೋಕೆ ಆಮೇಲೂ ವರ್ಷಗಳು ಹಿಡಿದವು, ಅದು ಬೇರೆ ಸಿಟ್ಟಿನ ವಿಷಯ.

ನೀವು ಹೇಳಿದ ಹಾಗೆ ತಂದು ಹಂಚಿದ್ದರು ಸರ್. ಸಲೈನ್ ಬಾಟಲಿಯನ್ನೇ.

ಮಕ್ಕಳ ಡಾಕ್ಟ್ರು ಹಾಸನ

ಇದಕ್ಕೆ ಜೋಡಿಯಾಗಿ ಇನ್ನೊಂದು. ನ್ಯುಮೋನಿಯಾ ಮಗುವಿಗೆ ಉಸಿರಾಟಕ್ಕೆ ಸ್ವಲ್ಪ ಒತ್ತಡ ಕೊಟ್ಟು ಆಕ್ಸಿಜನ್ ಬಿಡೋದಕ್ಕೆ ಸಿಪಾಪ್ ಅಂತಾರೆ. ಯಂತ್ರ ದುಬಾರಿ. ಬಾಂಗ್ಲಾದೇಶದ ಢಾಕಾದಲ್ಲಿ ಆರೋಗ್ಯ ಸಂಶೋಧನೆ ಮಾಡುವ ಐಸಿಡಿಡಿಆರ್‌ಬಿ ಸಂಸ್ಥೆಯ ಡಾ. ಮೊಹಮ್ಮದ್ ಜೊಬಾಯರ್ ಚಿಸ್ತಿ ಖಾಲಿ ಶ್ಯಾಂಪೂ ಬಾಟಲಿಯಲ್ಲೇ ಮಾಡಿದರು. ಬಾಟಲಿಗೆ ನೀರು ತುಂಬಿಸಿ, ಮಗುವಿನ ಮೂಗಿಗೆ ಹಾಕಿದ ನಳಿಕೆಯ ಇನ್ನೊಂದು ತುದಿಯನ್ನ ನೀರಲ್ಲಿ ಮುಳುಗಿಸೋದು. ಮಗು ಉಸಿರು ಬಿಟ್ಟಾಗ ನೀರಲ್ಲಿ ಗುಳ್ಳೆ ಏಳುತ್ತೆ. ನಳಿಕೆ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಒತ್ತಡ. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಗುಳ್ಳೆ ಸಿಪಾಪ್ ಗುಂಪಿನಲ್ಲಿ ಸಾವು 4%, ಮಾಮೂಲಿ ಆಕ್ಸಿಜನ್ ಗುಂಪಿನಲ್ಲಿ 15%.

ನಾನೂ ಖುಷಿಯಿಂದ ಕುಣಿದವಳೇ. ಆದರೆ ಮುಂದಿನದು ಕೇಳಿ. ಮಲಾವಿಯ ಸಲೀಮಾ ಜಿಲ್ಲಾ ಆಸ್ಪತ್ರೆಯಲ್ಲಿ ಇಂಥದ್ದೇ ಸಿಪಾಪ್ ಪ್ರಯೋಗ ಮಾಡಿದರು, 2019ರಲ್ಲಿ ವರದಿ ಬಂತು. ಅಲ್ಲಿ ಸಿಪಾಪ್ ಗುಂಪಿನಲ್ಲೇ ಸಾವು ಜಾಸ್ತಿ, 17%. ಆಕ್ಸಿಜನ್ ಗುಂಪಿನಲ್ಲಿ 11%. ಢಾಕಾದಲ್ಲಿ ಡಾಕ್ಟರ್ ಪಕ್ಕದಲ್ಲೇ ಇರ್ತಿದ್ದರು. ಸಲೀಮಾದ ವಾರ್ಡ್‌ನಲ್ಲಿ ದಿನಾ ಡಾಕ್ಟರ್ ರೌಂಡ್ಸ್ ಇರಲಿಲ್ಲ. ಎರಡೂ ಬಡ ದೇಶವೇ, ಆದರೂ ಒಂದು ಕಡೆ ಗೆದ್ದದ್ದನ್ನ ಇನ್ನೊಂದು ಕಡೆ ಕಣ್ಣು ಮುಚ್ಚಿಕೊಂಡು ಇಳಿಸೋಕೆ ಆಗಲ್ಲ. ಅಲ್ಲಲ್ಲೇ ಅಳೆದು ನೋಡೋ ಜನ ಬೇಕು ಅನ್ನೋದು ಇದಕ್ಕೇ.

ಸುಮ್ನೆ ಕೇಳ್ದೆ

ಸರಿ ಮೇಡಂ, ಒಪ್ಪಿದೆ. ಆದರೆ ನನ್ನ ಎರಡನೇ ತಕರಾರು ಇದೆ. ಮೈಟ್‌ಲ್ಯಾಂಡ್ ಕೆಲಸ ಮಾಡಿದ ಕೀನ್ಯಾದ ಕಿಲಿಫಿಯ ಸಂಶೋಧನಾ ಸಂಸ್ಥೆಗೆ ಹಣ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್‌ದು. ಮೈಟ್‌ಲ್ಯಾಂಡ್ ಕೂಡ ಬ್ರಿಟನ್ನಿನವರೇ. ಅಂದ ಮೇಲೆ ವಿದೇಶಿಯವರನ್ನ ಬೈಯೋದು ಯಾಕೆ? ಅವರು ಬರದಿದ್ದರೆ ಈ ಅಂಕಿ ಯಾವುದೂ ಇರ್ತಿರಲಿಲ್ಲ.

ಕಿಲಿಫಿ ಕಡೆಯಿಂದ

ಬೈದಿಲ್ಲ ಸರ್. ಬಂದದ್ದು ತಪ್ಪಲ್ಲ, ಎಷ್ಟು ದಿನ ಇದ್ದರು ಅನ್ನೋದು ಮುಖ್ಯ. ಕೀನ್ಯಾ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಕೆಮ್ರಿ ಮತ್ತು ವೆಲ್‌ಕಮ್ ಸೇರಿ ಕಿಲಿಫಿಯಲ್ಲಿ ಕೆಲಸ ಶುರು ಮಾಡಿದ್ದು 1989ರಲ್ಲಿ. ಇವತ್ತಿಗೂ ನಡೀತಿದೆ. ಎರಡು ವರ್ಷದ ಲೆಕ್ಕ ಅಲ್ಲ ಅದು. ಸುತ್ತಲಿನ ಊರುಗಳಲ್ಲಿ ಮನೆ ಮನೆಗೆ ಹೋಗಿ ಹುಟ್ಟು, ಸಾವು, ಊರು ಬಿಟ್ಟವರು, ಬಂದವರು ಎಲ್ಲ ಬರೆದುಕೊಳ್ತಾರೆ. ಆ ಪಟ್ಟಿ ಜಿಲ್ಲಾ ಆಸ್ಪತ್ರೆಯ ದಾಖಲೆಗೆ ಜೋಡಣೆಯಾಗಿದೆ. ಮಗು ಆಸ್ಪತ್ರೆಗೆ ಬಂದರೆ ಯಾವ ಮನೆಯದು ಅಂತ ಕಂಪ್ಯೂಟರ್‌ನಲ್ಲೇ ಗೊತ್ತಾಗುತ್ತೆ. ಇಂಥದ್ದು ಒಂದು ಸಲ ನಿಂತರೆ ಯಾವ ರೋಗದ ಪ್ರಶ್ನೆಗೂ ಬಳಸಬಹುದು.

ಇನ್ನೊಂದು ಸಂಗತಿ. ಊರಿನವರೇ ಆರಿಸಿದ ಪ್ರತಿನಿಧಿಗಳು ಸಂಶೋಧಕರ ಜೊತೆ ಸಭೆ ಕೂರ್ತಾರೆ. ಇಷ್ಟೊಂದು ರಕ್ತ ಯಾಕೆ ತೆಗೀತೀರಿ ಅಂತ ಅಲ್ಲಿ ನೇರವಾಗಿ ಕೇಳ್ತಾರೆ. ಉತ್ತರ ಕೊಡದೆ ಎದ್ದು ಹೋಗೋ ಹಾಗಿಲ್ಲ. ಫೀಲ್ಡ್ ಕೆಲಸದವರು ಅದೇ ಕರಾವಳಿಯವರು. ಅವರಲ್ಲಿ ಓದಿ ಪಿಎಚ್‌ಡಿ ಮಾಡಿದವರನ್ನು ಕಂಡಿದ್ದೇನೆ.

ಹಿತ್ತಲ ಗಿಡ

ಕಾಂಗೋದ ಕಥೆ ಇಲ್ಲದೆ ಈ ಚರ್ಚೆ ಪೂರ್ತಿ ಆಗಲ್ಲ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

1976ರಲ್ಲಿ ಯಾಂಬುಕು ಅನ್ನುವ ಹಳ್ಳಿಯ ಮಿಷನ್ ಆಸ್ಪತ್ರೆಯಲ್ಲಿ ಜನ ಜ್ವರ ಬಂದು ಸಾಯ್ತಿದ್ದರು. ಕಿನ್ಶಾಸಾದಿಂದ ನೋಡೋಕೆ ಹೋದವರು ಜೀನ್ ಜಾಕ್ ಮುಯೆಂಬೆ. ಬರಿಗೈಯಲ್ಲೇ ರಕ್ತ ತೆಗೆದರು, ಕೈಗವಸು ಇರಲಿಲ್ಲ. ಸೂಜಿ ಕಿತ್ತ ಜಾಗದಿಂದ ರಕ್ತ ನಿಲ್ಲದೆ ಹರಿಯಿತಂತೆ. ಜ್ವರ ಬಂದ ಒಬ್ಬ ಸನ್ಯಾಸಿನಿಯನ್ನು ಕಿನ್ಶಾಸಾಗೆ ಕರೆತಂದರು. ಆಕೆಯ ರಕ್ತ ಥರ್ಮಾಸ್ ಫ್ಲಾಸ್ಕ್‌ನಲ್ಲಿ ವಿಮಾನ ಹತ್ತಿ ಬೆಲ್ಜಿಯಂನ ಆಂಟ್ವರ್ಪ್‌ಗೆ ಹೋಯಿತು. ವೈರಸ್ ಅಲ್ಲಿ ಮತ್ತು ಬೇರೆ ದೇಶಗಳ ಲ್ಯಾಬ್‌ಗಳಲ್ಲಿ ಪತ್ತೆಯಾಯಿತು. ಎಬೋಲಾ ಅಂತ ಹೆಸರಾಯಿತು. ಬಹಳ ಕಾಲ ಆ ಕಥೆ ಹೇಳುವಾಗ ಮುಯೆಂಬೆ ಹೆಸರೇ ಬರ್ತಿರಲಿಲ್ಲ.

ಅವರು ಊರು ಬಿಡಲಿಲ್ಲ. ಕಿನ್ಶಾಸಾದ ರಾಷ್ಟ್ರೀಯ ಜೈವಿಕ ವೈದ್ಯ ಸಂಶೋಧನಾ ಸಂಸ್ಥೆ ಐಎನ್‌ಆರ್‌ಬಿಯನ್ನು ದಶಕಗಟ್ಟಲೆ ನಡೆಸಿದರು. 1995ರಲ್ಲಿ ಕಿಕ್ವಿಟ್ ಊರಲ್ಲಿ ಎಬೋಲಾ ಬಂದಾಗ, ಬದುಕಿ ಉಳಿದವರ ರಕ್ತವನ್ನ 8 ರೋಗಿಗಳಿಗೆ ಕೊಟ್ಟರು. 7 ಜನ ಉಳಿದರು. ಹೋಲಿಸೋಕೆ ಇನ್ನೊಂದು ಗುಂಪು ಇಲ್ಲ, ಹಾಗಾಗಿ ಸಾಬೀತಾಗಿಲ್ಲ ಅಂತ ಹೊರಗಿನವರು ಪಕ್ಕಕ್ಕಿಟ್ಟರು. ಆ ಮಾತೂ ಪೂರ್ತಿ ತಪ್ಪಲ್ಲ. ಆದರೆ ಅದೇ ಕಿಕ್ವಿಟ್‌ನಲ್ಲಿ ಬದುಕಿದ ಒಬ್ಬರ ರಕ್ತದಿಂದ ಮುಂದೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಜೊತೆ ಸೇರಿ ಎಂಎಬಿ114 ಅನ್ನುವ ಪ್ರತಿಕಾಯದ ಔಷಧಿ ಬಂತು. 2018ರ ನವೆಂಬರ್‌ನಲ್ಲಿ ಪೂರ್ವ ಕಾಂಗೋದಲ್ಲಿ, ಸುತ್ತ ಗುಂಡಿನ ಕಾಳಗ ನಡೀತಿರುವಾಗಲೇ, ನಾಲ್ಕು ಔಷಧಿಗಳ ಹೋಲಿಕೆ ಪ್ರಯೋಗ ಶುರುವಾಯಿತು. ಅದರ ಚುಕ್ಕಾಣಿ ಮುಯೆಂಬೆ ಕೈಯಲ್ಲಿತ್ತು. 681 ರೋಗಿಗಳು. ಎಂಎಬಿ114 ಕೊಟ್ಟವರಲ್ಲಿ ಸಾವು ಸುಮಾರು 35%. ಅಲ್ಲಿಯವರೆಗೆ ಎಲ್ಲರೂ ಭರವಸೆ ಇಟ್ಟಿದ್ದ ಔಷಧಿ ಜ಼ೀಮ್ಯಾಪ್‌ನಲ್ಲಿ ಸುಮಾರು 50%. ಮಾದರಿಗಳ ಪರೀಕ್ಷೆ ಕಾಂಗೋದ ಒಳಗೇ ಆಗಬೇಕು ಅಂತಲೂ ಅವರು ಹಠ ಹಿಡಿದರು.

ಈಗ ಲೈಬೀರಿಯಾ ನೋಡಿ. ಅಲ್ಲಿಯ ಜನರ ರಕ್ತದಲ್ಲಿ ಎಬೋಲಾ ಪ್ರತಿಕಾಯ ಇದೆ, ಈ ದೇಶವೂ ಅಪಾಯದ ಪಟ್ಟಿಯಲ್ಲಿರಬೇಕು ಅಂತ ಯುರೋಪಿನ ಸಂಶೋಧಕರು 1982ರಲ್ಲೇ ಒಂದು ಪತ್ರಿಕೆಯಲ್ಲಿ ಬರೆದಿದ್ದರು. ಲೇಖಕರಲ್ಲಿ ಲೈಬೀರಿಯಾದವರು ಒಬ್ಬರೂ ಇಲ್ಲ. 2014ರಲ್ಲಿ ರೋಗ ಬಂದಾಗ ಅಲ್ಲಿಯ ಆರೋಗ್ಯ ಅಧಿಕಾರಿಗಳಿಗೆ ಇಂಥ ಒಂದು ಲೇಖನ ಇದೆ ಅಂತಲೇ ಗೊತ್ತಿರಲಿಲ್ಲ. ಆ ಸಲ ಪಶ್ಚಿಮ ಆಫ್ರಿಕಾದಲ್ಲಿ ಸತ್ತವರು 11,300ಕ್ಕೂ ಹೆಚ್ಚು.

ಸುಮ್ನೆ ಕೇಳ್ದೆ

ಲೈಬೀರಿಯಾ ವಿಷಯ ಗೊತ್ತಿರಲಿಲ್ಲ. ಹೊಟ್ಟೆ ಉರಿಯುತ್ತೆ.

ಲೆಕ್ಕದ ಪುಸ್ತಕ

ಎಲ್ಲರೂ ವಿಜ್ಞಾನಿಗಳ ಬಗ್ಗೆ ಮಾತಾಡ್ತಿದ್ದೀರಿ. ನಾನು ಒಂದು ಟ್ರಸ್ಟ್‌ನಲ್ಲಿ ಗ್ರಾಂಟ್ ಲೆಕ್ಕ ನೋಡುವವಳು. ಸಾಮರ್ಥ್ಯ ಸೋರಿ ಹೋಗೋದು ನಮ್ಮ ಮೇಜಿನ ಹತ್ತಿರ.

ಸಂಶೋಧನೆಗೆ ಅಂತ ಬರುವ ಹಣ ಮಾದರಿ ಸಂಗ್ರಹ, ಕಿಟ್, ಪ್ರಯಾಣ ಅಂತ ನೇರ ಖರ್ಚಿಗೆ ಹೋಗುತ್ತೆ. ಕರೆಂಟ್ ಬಿಲ್, ಜನರೇಟರ್ ಡೀಸೆಲ್, ಆಡಿಟ್, ಎಥಿಕ್ಸ್ ಕಮಿಟಿಯ ಕಾರ್ಯದರ್ಶಿ, ಕಟ್ಟಡದ ರಿಪೇರಿ, ಇವೆಲ್ಲ 'ಪರೋಕ್ಷ ಖರ್ಚು'. ಅಮೆರಿಕದ ಎನ್‌ಐಎಚ್ ಹೊರದೇಶದ ಸಂಸ್ಥೆಗಳಿಗೆ ಈ ಬಾಬ್ತಿನಲ್ಲಿ 8% ಮಾತ್ರ ಕೊಡುವ ನಿಯಮ ಇಟ್ಟುಕೊಂಡು ಬಂದಿದೆ. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳು ಇದೇ ಬಾಬ್ತಿಗೆ 50% ಮೇಲೂ ಪಡೆದಿವೆ. ಅವರ ಡೀಸೆಲ್ ನಮ್ಮದಕ್ಕಿಂತ ದುಬಾರಿಯೇನಲ್ಲ. ಕರೆಂಟ್ ಹೋಗೋದೂ ನಮ್ಮಲ್ಲೇ ಜಾಸ್ತಿ.

ಇದರಿಂದ ಏನಾಗುತ್ತೆ? ಖರೀದಿ ನೋಡೋರು, ಲೆಕ್ಕ ಬರೆಯೋರು, ಕಂಪ್ಯೂಟರ್ ರಿಪೇರಿಯವರು ಯಾರನ್ನೂ ಕಾಯಂ ಇಡೋಕೆ ಆಗಲ್ಲ. ಆಮೇಲೆ ವರದಿ ತಡವಾಯ್ತು, ಸ್ಥಳೀಯ ಸಂಸ್ಥೆಗೆ ನಿರ್ವಹಣಾ ಸಾಮರ್ಥ್ಯ ಇಲ್ಲ ಅಂತ ಅವರೇ ಷರಾ ಬರೀತಾರೆ. ಮುಂದಿನ ಸಲ ಹಣ ದೊಡ್ಡ ವಿದೇಶಿ ವಿಶ್ವವಿದ್ಯಾಲಯದ ಹೆಸರಿಗೆ ಬರುತ್ತೆ, ನಾವು ಉಪಗುತ್ತಿಗೆ. ಬೀಜದ ರಾಗಿಯನ್ನೂ ಬೀಸಿ ತಿನ್ನಿಸಿ, ಮುಂದಿನ ವರ್ಷ ಯಾಕೆ ಬಿತ್ತಲಿಲ್ಲ ಅಂತ ಕೇಳಿದ ಹಾಗೆ.

ಸೊಪ್ಪಿನಬೆಟ್ಟ

ಎಲ್ಲ ಆಫ್ರಿಕಾ, ಢಾಕಾ ಆಯ್ತು. ಮಂಗನ ಕಾಯಿಲೆ ನಮ್ಮ ಮನೆ ಬಾಗಿಲಲ್ಲೇ ಇದೆಯಲ್ಲ ಮಾರಾಯ್ರೆ. ಈ ಚರ್ಚೆಯ ಪ್ರಶ್ನೆಗೆ ಉತ್ತರ ಅದರಲ್ಲೂ ಉಂಟು.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೂ ಜ್ವರ. ಹಳದಿ ಜ್ವರ ಬಂತೋ ಏನೋ ಅಂತ ಮೊದಲು ಗಾಬರಿ. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನಿಂದ ತಂಡ ಬಂತು. ಆ ಸಂಸ್ಥೆ 1952ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಕಟ್ಟಿದ್ದು. ಇದು ಹೊಸ ವೈರಸ್, ಉಣುಗಿನಿಂದ ಹರಡುತ್ತೆ ಅಂತ ಕಂಡುಕೊಂಡರು. ಸಾಗರದಲ್ಲಿ ಫೀಲ್ಡ್ ಸ್ಟೇಷನ್ ಬಂತು. ಅಲ್ಲಿ ಕೆಲಸ ಮಾಡಿದ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ಬರೆದಿದ್ದಾರೆ: ಕಾಡು ಕಡಿದು ಗದ್ದೆ ಮಾಡಿದ್ದು, ದನ ಕಾಡಂಚಲ್ಲಿ ಮೇಯೋದು, ಉಣುಗು ಹೆಚ್ಚೋದು, ಇವಕ್ಕೆಲ್ಲ ನಂಟಿದೆ ಅಂತ. ಇವತ್ತು ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ಹೇಳೋದೂ ಇದನ್ನೇ.

ರಾಕ್‌ಫೆಲ್ಲರ್ ಹೋಯಿತು. ಪುಣೆ ಸಂಸ್ಥೆ ಉಳಿಯಿತು, 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಆಯಿತು. ಸಂಬಳ ಸರ್ಕಾರದ್ದಾಯಿತು, ಅದಕ್ಕೇ ಉಳಿಯಿತು. ಸಾಗರದ ಸ್ಟೇಷನ್ ಮಾತ್ರ ಮುಚ್ಚಿತು. ರೋಗ ಇದ್ದದ್ದು ಸಾಗರದ ಕಡೆ, ಲ್ಯಾಬ್ ಉಳಿದದ್ದು ಪುಣೆಯಲ್ಲಿ. ಆಮೇಲೆ ಶಿವಮೊಗ್ಗದಲ್ಲಿ ರಾಜ್ಯ ಸರ್ಕಾರದ ವೈರಸ್ ಪತ್ತೆ ಲ್ಯಾಬ್ ಆಯಿತು ಅನ್ನೋದು ಪುಣ್ಯ.

ಲಸಿಕೆ ಕಥೆಯೂ ಹೀಗೇ. ದಶಕಗಟ್ಟಲೆ ಜನರಿಗೆ ಚುಚ್ಚಿದರು. ಇಂಜೆಕ್ಷನ್ ಸಿಕ್ಕಾಪಟ್ಟೆ ಉರಿಯುತ್ತೆ ಅಂತ ಎರಡನೇ ಡೋಸಿಗೆ ಎಷ್ಟೋ ಜನ ತಲೆ ಹಾಕ್ತಿರಲಿಲ್ಲ. ನಿಜವಾಗಿ ಎಷ್ಟು ಕೆಲಸ ಮಾಡುತ್ತೆ? ಜಿಲ್ಲೆಯ ಆರೋಗ್ಯ ಇಲಾಖೆಯವರೂ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗ ಅಧ್ಯಯನ ಸಂಸ್ಥೆ ಎನ್‌ಐಇಯವರೂ ಸೇರಿ ಇಲಾಖೆಯ ದಾಖಲೆಗಳನ್ನೇ ಕೂತು ಲೆಕ್ಕ ಹಾಕಿದ್ದು 2013ರಲ್ಲಿ ಪ್ರಕಟವಾಯಿತು. ಎರಡು ಡೋಸಿಗೆ 62.4% ರಕ್ಷಣೆ, ಬೂಸ್ಟರ್ ಸೇರಿದರೆ 82.9%. ಆಮೇಲಿನ ವರ್ಷಗಳಲ್ಲಿ ಅಷ್ಟೂ ಇಲ್ಲ ಅನ್ನೋ ಅನುಮಾನ ಗಟ್ಟಿಯಾಯಿತು. 2018ರ ಡಿಸೆಂಬರ್‌ನಿಂದ ಸಾಗರದ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹರಡಿ ಜನ ಸತ್ತದ್ದು ಗೊತ್ತಲ್ಲ. 2022ರಲ್ಲಿ ಆ ಲಸಿಕೆ ನಿಲ್ಲಿಸಿದರು. ಹೊಸದಕ್ಕೆ ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಲಾಜಿಕಲ್ಸ್ ಕೆಲಸ ಮಾಡ್ತಿವೆ. ಅಲ್ಲಿವರೆಗೆ ನಮ್ಮ ಕೈಯಲ್ಲಿ ಉಣುಗು ಹತ್ತದ ಹಾಗೆ ಹಚ್ಚೋ ಡೆಪಾ ಎಣ್ಣೆ. ತರಗೆಲೆ ಗುಡಿಸೋಕೆ ಬೆಟ್ಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳೋದು, ಬಂದ ಮೇಲೆ ಬಿಸಿನೀರಲ್ಲಿ ಉಜ್ಜಿ ಮೀಯೋದು.

ನನ್ನ ಮಾತು ಇಷ್ಟೇ. ಹೊಸ ರೋಗ ಕಂಡುಹಿಡಿಯೋದು ಒಂದು ಸಲದ ಕೆಲಸ. ಲಸಿಕೆ ಇನ್ನೂ ಹಿಡೀತಿದೆಯಾ ಅಂತ ವರ್ಷ ವರ್ಷ ನೋಡೋದು ಬೇಸರದ ಕೆಲಸ. ಅದಕ್ಕೆ ಯಾರೂ ಪ್ರಾಜೆಕ್ಟ್ ಕೊಡಲ್ಲ.

ಮಕ್ಕಳ ಡಾಕ್ಟ್ರು ಹಾಸನ

ಕೊನೆ ಸಾಲಿಗೆ ದೊಡ್ಡ ಚಪ್ಪಾಳೆ. ಆದರೆ ಪ್ರಾಜೆಕ್ಟ್‌ಗಳನ್ನ ಪೂರ್ತಿ ತಳ್ಳಿಹಾಕಬೇಡಿ. 2018ರ ಮೇನಲ್ಲಿ ಕೋಳಿಕ್ಕೋಡಿನ ನಿಪಾ ವೈರಸ್ ಮೊದಲು ಪತ್ತೆಯಾದದ್ದು ನಮ್ಮ ಮಣಿಪಾಲದಲ್ಲಿ. ಪುಣೆ ಅದನ್ನ ಖಚಿತ ಮಾಡಿತು. ಮಣಿಪಾಲದವರು ಹಲವು ರಾಜ್ಯಗಳ ಜ್ವರದ ಮಾದರಿ ನೋಡುವ ಒಂದು ಅಧ್ಯಯನ ನಡೆಸ್ತಿದ್ದರು, ಹಣ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯದ್ದು. ನಿಪಾ ಹುಡುಕೋಕೆ ಅಂತ ಶುರು ಮಾಡಿದ್ದಲ್ಲ. ಕೈ ಪಳಗಿದ ಜನ ಹತ್ತಿರದಲ್ಲಿದ್ದರು, ಸಿಕ್ಕಿತು.

ಸುಮ್ನೆ ಕೇಳ್ದೆ

ಹೊರಗಿನ ಹಣ ನಂಬಿದರೆ ಒಂದು ದಿನ ನಡುನೀರಲ್ಲಿ ಕೈ ಬಿಡ್ತಾರೆ ಅನ್ನೋದಕ್ಕೂ ಢಾಕಾವೇ ಉದಾಹರಣೆ. 2025ರ ಜನವರಿಯಲ್ಲಿ ಅಮೆರಿಕ ನೆರವು ನಿಲ್ಲಿಸಿದ ಕೂಡಲೇ ಐಸಿಡಿಡಿಆರ್‌ಬಿಯಲ್ಲಿ 1,000ಕ್ಕೂ ಹೆಚ್ಚು ಜನರ ಕೆಲಸ ಹೋಯಿತು. 1968ರಲ್ಲಿ ಓಆರ್‌ಎಸ್ ಸಾಬೀತು ಮಾಡಿದ ಸಂಸ್ಥೆಗೇ ಈ ಗತಿ.

ಕಿಲಿಫಿ ಕಡೆಯಿಂದ

ನಿಜ. ಆದರೂ ಸಂಸ್ಥೆ ಮುಳುಗಲಿಲ್ಲ ನೋಡಿ. ಹಣ ಕೊಡುವವರು ಹಲವರಿದ್ದರು, ಬಾಂಗ್ಲಾದೇಶ ಸರ್ಕಾರವೂ ಸೇರಿ. ಮತ್ಲಬ್‌ನಲ್ಲಿ 1966ರಿಂದ ಆ ಸಂಸ್ಥೆಯ ಮನೆ ಮನೆ ದಾಖಲೆ ನಡೀತಿದೆ. ನಡುವೆ ಯುದ್ಧ ಬಂತು, ದೇಶದ ಹೆಸರೇ ಬದಲಾಯಿತು, ಎಷ್ಟೋ ದಾನಿಗಳು ಬಂದು ಹೋದರು. ಒಬ್ಬರನ್ನೇ ನೆಚ್ಚಿಕೊಂಡಿದ್ದರೆ ಯಾವತ್ತೋ ಮುಗಿದಿರ್ತಿತ್ತು.

ತುಂಗಾತೀರ

ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ವಾರ ಅವರ ಜೊತೆ ಮಾತುಕತೆ ಇದೆ. ನಾನು ಸಣ್ಣ ಹುದ್ದೆಯವಳು, ಜಗಳ ಮಾಡೋಕೆ ಆಗಲ್ಲ. ಮರ್ಯಾದೆಯಿಂದ ಏನೇನು ಕೇಳಬಹುದು?

ಲೆಕ್ಕದ ಪುಸ್ತಕ

ಟೆಕ್ನಿಷಿಯನ್ ಸಂಬಳ ಯಾವ ಶೀರ್ಷಿಕೆಯಲ್ಲಿದೆ, ಪ್ರಾಜೆಕ್ಟ್ ಮುಗಿದ ಮೇಲೆ ಆ ಹುದ್ದೆಯನ್ನ ಇಲಾಖೆಯೋ ಕಾಲೇಜೋ ತಗೊಳ್ಳುತ್ತೆ ಅಂತ ಎಲ್ಲಾದರೂ ಬರವಣಿಗೆಯಲ್ಲಿದೆಯಾ ಕೇಳಿ. ಬಾಯಿಮಾತು ಬೇಡ.

ಹಳೇ ಮೈಕ್ರೋಸ್ಕೋಪ್

ಯಂತ್ರ ಕೊಳ್ಳುವಾಗಲೇ ಐದು ವರ್ಷದ ಎಎಂಸಿ ಸೇರಿಸಿ ಕೊಂಡಿದ್ದಾರಾ ನೋಡು. ಆಮೇಲೆ ಕಟ್ತೀವಿ ಅಂದರೆ ಕಟ್ಟಲ್ಲ ಅಂತಲೇ ಅರ್ಥ. ಸರ್ವಿಸ್ ಎಂಜಿನಿಯರ್ ಬೆಂಗಳೂರಲ್ಲಿದ್ದಾನಾ ಇಲ್ಲ ಮುಂಬೈಯಿಂದ ಬರಬೇಕಾ, ಅದನ್ನೂ ಕೇಳು.

ಸೊಪ್ಪಿನಬೆಟ್ಟ

ರಕ್ತ ಕೊಟ್ಟವರಿಗೆ ರಿಪೋರ್ಟ್ ಯಾವಾಗ ಕೊಡ್ತೀರಿ ಅಂತ ಕೇಳಿ. ನಮ್ಮೂರಿಗೆ ಬಂದು ರಕ್ತ ತಗೊಂಡು ಹೋದವರು ಸುಮಾರು ಜನ. ತಿರುಗಿ ಬಂದು ಹೇಳಿದವರು ಕಮ್ಮಿ. ಆಶಾ ಕಾರ್ಯಕರ್ತೆ ದಿನಾ ಅದೇ ಬೀದಿಯಲ್ಲಿ ಓಡಾಡಬೇಕು, ಜನ ಬೈಯೋದು ಅವಳಿಗೆ.

ಸುಮ್ನೆ ಕೇಳ್ದೆ

ಕೆಲಸ ಮಾತ್ರ ಬಿಡಬೇಡಿ ಮೇಡಂ. ಎರಡು ವರ್ಷದ್ದಾದರೂ ಕಲಿಯೋದು ಕಲಿತೇ ಕಲೀತೀರಿ. ಕಾಯಂ ಸರ್ಕಾರಿ ಹುದ್ದೆ ಬರಲಿ ಅಂತ ಕಾದರೆ ಮಂಗನ ಕಾಯಿಲೆ ಕಾಯಲ್ಲ. ಈ ವಿಷಯದಲ್ಲಿ ಉಳಿದವರ ಜೊತೆ ನನ್ನ ತಕರಾರು ಇನ್ನೂ ಇದೆ.

ಕಿಲಿಫಿ ಕಡೆಯಿಂದ

ಸೇರಿ ಅಂತಲೇ ನಾನೂ ಹೇಳೋದು. ಡೇಟಾ ವಿಷಯ ಮಾತ್ರ ಮೊದಲೇ ಇತ್ಯರ್ಥ ಮಾಡ್ಕೊಳ್ಳಿ. ಪೂರ್ತಿ ಡೇಟಾದ ಒಂದು ಪ್ರತಿ ಜಿಲ್ಲೆಯ ಸಂಸ್ಥೆಯಲ್ಲಿರಬೇಕು. ಅದನ್ನ ವಿಶ್ಲೇಷಣೆ ಮಾಡೋಕೆ ಇಲ್ಲಿಯವರಿಗೆ ಹೊರಗಿನವರ ಒಪ್ಪಿಗೆ ಬೇಕಾಗಬಾರದು. ಮಾದರಿ ಹೊರಗೆ ಕಳಿಸೋದಾದರೆ ಎಷ್ಟು, ಯಾವ ಪರೀಕ್ಷೆಗೆ, ಉಳಿದದ್ದು ಏನಾಗುತ್ತೆ, ಮೂರನ್ನೂ ಒಪ್ಪಂದದಲ್ಲಿ ಬರೆಸಿ. ಲೇಖನಗಳಲ್ಲಿ ಒಂದಕ್ಕಾದರೂ ಮೊದಲ ಹೆಸರು ಸ್ಥಳೀಯರದ್ದು ಅನ್ನೋ ಸಾಲು ಈಗಲೇ ಸೇರಿಸಿ. ಡೇಟಾ ಕೈಗೆ ಬಂದ ಮೇಲೆ ಈ ಮಾತು ಎತ್ತಿದರೆ ಮನಸ್ತಾಪ ಆಗುತ್ತೆ. ಅದೇ ಮೊದಲೇ ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲ ಅನ್ನಲ್ಲ.

ಒಪ್ಪಂದದ ಕರಡು ಸಿಕ್ಕಿದರೆ, ಅವರ ಒಪ್ಪಿಗೆ ಕೇಳಿ, ಹೆಸರು ಊರು ಎಲ್ಲ ಅಳಿಸಿ ಡೇಟಾ ಭಾಗ ಮಾತ್ರ ಇಲ್ಲಿ ಹಾಕಿ. ಸಾಲು ಸಾಲಾಗಿ ನೋಡೋಣ.